ತವರಿನ ಬಸ್ಸು ಬಾರದ ದ್ವೀಪ

ನನಗೆ ಸಿಟ್ಟು ಬಂದರೆ ಜಗಳ ಆಡುವುದಿಲ್ಲ, ಬಸ್ಸು ಹತ್ತುತ್ತೇನೆ. ವಿರೂಪಾಕ್ಷಿಪುರದ ಪಕ್ಕದ ನಮ್ಮೂರಿಂದ ಚನ್ನಪಟ್ಟಣ, ಅಲ್ಲಿಂದ ರಾಮನಗರ, ಅಲ್ಲಿಂದ ಮಾಗಡಿ ಕಡೆಯ ನನ್ನ ತವರು. ಮೂರು ಬಸ್ಸು ಬದಲಾಯಿಸುವುದರೊಳಗೆ ಅರ್ಧ ಸಿಟ್ಟು ಇಳಿದಿರುತ್ತದೆ. ಉಳಿದರ್ಧವನ್ನು ಅವ್ವನ ಮುಂದೆ ಇಳಿಸಿ, ಎರಡು ದಿನ ಬಿಟ್ಟು ಹಿಂದಿರುಗುತ್ತೇನೆ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಇದು ಊರಿಗೆಲ್ಲ ಗೊತ್ತು. ನಮ್ಮ ಯಜಮಾನರಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಮದುವೆಯಾದ ವರ್ಷ ಆ ತವರಿಂದಲೇ ನಾನು ಹಿಪ್ಪುನೇರಳೆ ಕಡ್ಡಿಯ ಮೂರು ಕಟ್ಟು ತಂದಿದ್ದೆ. ಒದ್ದೆ ಗೋಣಿಚೀಲದಲ್ಲಿ ಸುತ್ತಿ ಅಪ್ಪನೇ ಬಸ್ಸಿಗೆ ಹಾಕಿಕೊಟ್ಟಿದ್ದ. ಮಗಳಿಗೆ ಚಿನ್ನ ಹಾಕಲು ಆಗಲಿಲ್ಲ, ಇದಾದರೂ ಕಡಿದಷ್ಟೂ ಚಿಗುರುತ್ತದೆ ಎಂದಿದ್ದ. ಮೊದಲು ನಾಲ್ಕೇ ಸಾಲು ನೆಟ್ಟೆ. ಅದರದೇ ಕಡ್ಡಿ ಕತ್ತರಿಸಿ ನೆಟ್ಟು ನೆಟ್ಟು, ಮನೆ ಹಿಂದಿನ ಒಂದು ಎಕರೆ ತುಂಬಿಸಿದೆ. ಅಪ್ಪ ಹೋಗಿ ಆರು ವರ್ಷವಾಯಿತು. ಈಗಲೂ ನಾನು ಸಿಟ್ಟಿನಲ್ಲಿ ತವರಿನ ಹೊಸ್ತಿಲು ತುಳಿದರೆ ಅವ್ವ ಗಂಡನ ಸುದ್ದಿ ಕೇಳುವುದಿಲ್ಲ. ಮೊದಲು ಕೇಳುವುದು, "ಕಡ್ಡಿ ಹೆಂಗವವ್ವ?" ಅಂತ.

ರೇಷ್ಮೆ ಹುಳ ಸಾಕಿದ್ದೂ ನಾನೇ. ಪೊರೆ ಬಿಡುವ ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸುವವರೆಗೆ ಎಲ್ಲವೂ ನನ್ನ ಕೈಯಲ್ಲೇ. ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವುದಷ್ಟೇ ಯಜಮಾನರ ಕೆಲಸ. ಜಮೀನಿನ ಪಹಣಿಯೂ ಅವರ ಹೆಸರಿನಲ್ಲಿದೆ, ಅದು ಬೇರೆ ಮಾತು. ಹುಳ ಸಾಕುವ ಮನೆಗೆ ಅದರದೇ ಮಡಿ ಇರುತ್ತದೆ. ಪೌಡರ್ ಬಳಿದ ಕೈಯಲ್ಲಿ ಸೊಪ್ಪು ಮುಟ್ಟುವಂತಿಲ್ಲ. ಸೊಳ್ಳೆ ಬತ್ತಿಯನ್ನಂತೂ ಹಚ್ಚುವಂತೆಯೇ ಇಲ್ಲ, ಹೊಗೆ ತಾಗಿದರೆ ಹುಳ ಉಳಿಯುವುದಿಲ್ಲ. ಇಪ್ಪತ್ತೆರಡು ವರ್ಷ ಸೊಳ್ಳೆ ಕಚ್ಚಿಸಿಕೊಂಡೇ ಮಲಗಿದವರು ನಾವು.

ಹೋದ ತಿಂಗಳು ಒಂದು ಬೆಳೆ ಮುಗಿದ ಮೇಲೆ ಯಜಮಾನರು ಇದ್ದಕ್ಕಿದ್ದಂತೆ, ಈ ಸಲ ಮರಿ ಹುಳ ತರುವುದು ಬೇಡ, ನೀನು ಸ್ವಲ್ಪ ಸುಧಾರಿಸಿಕೋ, ಅಂಡಮಾನಿಗೆ ಹೋಗಿ ಬರೋಣ ಎಂದರು. ಹೊಸದರಲ್ಲಿ ಮೈಸೂರಿನ ಝೂ ತೋರಿಸಿದ್ದೇ ನಮ್ಮ ದೊಡ್ಡ ಪ್ರವಾಸ. ನಾನು ನಂಬಲಿಲ್ಲ. ಟಿಕೆಟ್ಟು ತಂದು ತೋರಿಸಿದಾಗ ನಂಬಿದೆ. ಚನ್ನಪಟ್ಟಣಕ್ಕೆ ಹೋಗಿ ಎರಡು ಚೂಡಿದಾರ ಹೊಲಿಸಿಕೊಂಡೆ, ನಲವತ್ತೆರಡರ ವಯಸ್ಸಿನಲ್ಲಿ.

ವಿಮಾನ ಇಳಿದು, ಹಡಗಿನಲ್ಲಿ ಮತ್ತೆರಡು ಗಂಟೆ ಹೋದರೆ ಒಂದು ಸಣ್ಣ ದ್ವೀಪ. ಸಮುದ್ರದ ದಡದಲ್ಲೇ ತೆಂಗಿನ ಗರಿ ಹೊದಿಸಿದ ಪುಟ್ಟ ಗುಡಿಸಲುಗಳು, ಒಳಗೆ ಎಸಿ. ಎರಡು ಮರದ ನಡುವೆ ಬಲೆಯ ಜೋಕಾಲಿ. ಸುಳ್ಳು ಯಾಕೆ ಹೇಳಲಿ, ನಾನು ತುಂಬಾ ಸಂತೋಷಪಟ್ಟೆ. ಬೆಳಿಗ್ಗೆ ಎದ್ದರೆ ಸೊಪ್ಪು ಕೊಯ್ಯುವ ಹಾಗಿಲ್ಲ, ಯಾರೋ ಕಾಫಿ ತಂದುಕೊಡುತ್ತಾರೆ. ನೀರಿಗಿಳಿಯುವಾಗ ಯಜಮಾನರು ಎಲ್ಲರೆದುರೇ ನನ್ನ ಕೈ ಹಿಡಿದುಕೊಂಡರು. ಊರಿನಲ್ಲಿ ಜಾತ್ರೆಯ ನೂಕುನುಗ್ಗಲಿನಲ್ಲೂ ಹಿಡಿದವರಲ್ಲ. ಇಂಥ ಗಂಡನನ್ನು ಬಿಟ್ಟು ಅಷ್ಟು ಸಲ ಬಸ್ಸು ಹತ್ತಿದೆನಲ್ಲ ಎಂದು ನನ್ನ ಮೇಲೇ ನನಗೆ ಬೇಸರವಾಯಿತು.

ಮೊದಲ ಸಂಜೆ ಕೆಲಸದವಳು ಬಂದು ಮಂಚದ ಕೆಳಗೆ ಸೊಳ್ಳೆ ಬತ್ತಿ ಹಚ್ಚಿಟ್ಟಳು. ನಾನು ದಡಬಡ ಎದ್ದು ಅದನ್ನು ನೀರಿಗೆ ಅದ್ದಿದೆ. ಆಮೇಲೆ ಎಲ್ಲಿದ್ದೇನೆಂದು ನೆನಪಾಗಿ ನಗು ಬಂತು. ಯಜಮಾನರು ನಗಲಿಲ್ಲ, ಮುಖ ತಿರುಗಿಸಿಕೊಂಡರು.

ಇನ್ನೊಂದು ವಿಚಿತ್ರ. ಅವರು ಗುಡಿಸಲಿನ ಉದ್ದಗಲವನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಬಚ್ಚಲು, ಸೂರು, ಜೋಕಾಲಿ ಕಟ್ಟಿದ ಗಂಟು, ಎಲ್ಲದರ ಫೋಟೋ ತೆಗೆದರು. ಮಂಚ ಹೇಗಿದೆ, ಇಲ್ಲಿ ಇನ್ನೂ ಏನಿದ್ದರೆ ಚೆನ್ನ ಎಂದು ನನ್ನನ್ನು ಕೇಳಿದರು. ನನಗೂ ಹಿಗ್ಗು. ಕೂತು ಕಾಲು ನೀಡುವುದಕ್ಕೆ ಒಂದು ಜಗಲಿ ಇರಬೇಕಿತ್ತು ಎಂದೆ.

ಮೂರನೆಯ ದಿನ ಮಧ್ಯಾಹ್ನ ಜೋಕಾಲಿಯಲ್ಲಿ ಮಲಗಿದ್ದಾಗ ಫೋನು ಬಂತು. ಊರಲ್ಲಿ ಪಕ್ಕದ ಹೊಲದ ಅಕ್ಕ. ಸುತ್ತುಬಳಸು ಅವಳಿಗೆ ಗೊತ್ತಿಲ್ಲ.

"ನಿನ್ ಮೈದ ನಿಂತ್ಕಂಡು ಜೇಸಿಬಿಲಿ ಕಡ್ಡಿನೆಲ್ಲ ಕೀಳುಸ್ತಾವ್ನಲ್ಲವ್ವ. ನಿಂಗೊತ್ತಿದ್ದೇ ಹೋದ್ಯಾ?"

ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಸಿಗ್ನಲ್ ಇಲ್ಲ ಎಂದು ಇಟ್ಟುಬಿಟ್ಟೆ.

ಯಜಮಾನರು ದಡದಲ್ಲಿ ಎಳನೀರು ಕುಡಿಯುತ್ತಿದ್ದರು. ಹೋಗಿ ಎದುರು ನಿಂತು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ, ಅಷ್ಟು ಮಾತ್ರ ಒಪ್ಪಬೇಕು. ಬೆಂಗಳೂರಿನವರೊಬ್ಬರ ಜೊತೆ ಸೇರಿ, ಕಡ್ಡಿ ಕಿತ್ತ ಜಾಗದಲ್ಲಿ ಇಂಥವೇ ಆರು ಗುಡಿಸಲು ಕಟ್ಟುವುದಂತೆ. ವಾರದ ಕೊನೆಗೆ ಜನ ಬಂದು ಉಳಿಯುತ್ತಾರಂತೆ. ನನ್ನ ಮಂಡಿನೋವಿಗೂ ಅದೇ ಒಳ್ಳೆಯದಂತೆ.

"ಊರಲ್ಲೇ ಹೇಳ್ಬೋದಿತ್ತಲ್ಲ," ಎಂದೆ.

"ಊರಲ್ಲಿ ನೀನು ಜೇಸಿಬಿಗೆ ಅಡ್ಡ ಮಲಗ್ತಿದ್ದೆ ಕಣೆ. ಅದ್ಕೇ ಕರ್ಕಂಡ್ ಬಂದಿದ್ದು."

ಮೂಗಿಗೆ ತುಪ್ಪ ಸವರುವುದು ಎಂದು ಕೇಳಿದ್ದೆ. ಸಮುದ್ರ ದಾಟಿಸಿ ಸವರಿದ್ದನ್ನು ಅಂದು ಕಂಡೆ. ಹಿಡಿದ ಕೈಯೂ ಅದಕ್ಕೇ, ಮಂಚ ಹೇಗಿದೆ ಎಂದು ಕೇಳಿದ್ದೂ ಅದಕ್ಕೇ. ನಂಬಿಸಿ ಕತ್ತು ಕೊಯ್ದರು. ನಾನೋ, ಪೆದ್ದಿ, ಅದಕ್ಕೊಂದು ಜಗಲಿಯನ್ನೂ ಸೂಚಿಸಿದ್ದೆ.

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟೆ, ಅಭ್ಯಾಸಬಲ. ದಡದುದ್ದ ನಡೆದೆ. ಅರ್ಧ ಗಂಟೆಗೆ ಮರಳು ಮುಗಿದು ಬಂಡೆ ಬಂತು, ಬಂಡೆಯ ಆಚೆ ನೀರು. ಹಡಗಿನ ಟಿಕೆಟ್ಟು ಎರಡು ದಿನದ ನಂತರದ್ದು, ಅದೂ ಅವರ ಜೇಬಿನಲ್ಲಿ. ಸುತ್ತ ನೀರಿರುವ ಜಾಗವನ್ನೇ ಯಾಕೆ ಆರಿಸಿದರು ಎಂದು ಆಗ ಅರ್ಥವಾಯಿತು. ಬಂಡೆಯ ಮೇಲೆ ಕೂತು ಜೋರಾಗಿ ಅತ್ತೆ. ಹತ್ತಿರದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಹೊಸ ಜೋಡಿಯೊಂದು ನನ್ನನ್ನು ನೋಡಿ ಸ್ವಲ್ಪ ದೂರ ಸರಿಯಿತು. ಬೇರೆ ದಾರಿಯಿಲ್ಲದೆ ಹಿಂದಕ್ಕೆ ಬಂದೆ. ಮಿಕ್ಕ ಎರಡು ದಿನ ಅದೇ ಎಸಿಯಲ್ಲಿ, ಅದೇ ಮಂಚದ ಆಚೆ ತುದಿಯಲ್ಲಿ ಮಲಗಿದೆ. ಅವರು ನೀರಿಗೆ ಕರೆದರು. ಹೋಗಲಿಲ್ಲ.

ಊರಿಗೆ ಬಂದಾಗ ಹಿತ್ತಲ ಬಾಗಿಲು ತೆಗೆದೆ. ಒಂದು ಎಕರೆ ಕೆಂಪು ಮಣ್ಣು, ಸಮ ಮಾಡಿದ್ದು. ಬುಡಗಳನ್ನೆಲ್ಲ ಒಂದು ಮೂಲೆಗೆ ರಾಶಿ ಹಾಕಿದ್ದರು. ಕಡಿದರೆ ಚಿಗುರುತ್ತದೆ ಎಂದಿದ್ದ ಅಪ್ಪ, ಬುಡಸಮೇತ ಕಿತ್ತರೆ ಏನಾಗುತ್ತದೆ ಎಂದು ಹೇಳಿರಲಿಲ್ಲ.

ಸಂಜೆ ಯಜಮಾನರು ಅಂಗಡಿಯಿಂದ ಸೊಳ್ಳೆ ಬತ್ತಿ ತಂದು ನಡುಮನೆಯಲ್ಲಿ ಹಚ್ಚಿದರು. ನಾನು ಆರಿಸಲು ಎದ್ದೆ. ಎರಡು ಹೆಜ್ಜೆ ಇಟ್ಟು ನಿಂತೆ, ಆರಿಸಲು ಕಾರಣವೇ ಇರಲಿಲ್ಲ.

ಬೆಳಿಗ್ಗೆ ಬ್ಯಾಗು ತೆಗೆದುಕೊಂಡು ಬಸ್ ಸ್ಟಾಪಿನವರೆಗೆ ಹೋದೆ. ಚನ್ನಪಟ್ಟಣದ ಬಸ್ಸು ಬಂತು, ನಿಂತಿತು. ಕಂಡಕ್ಟರಿಗೆ ನನ್ನ ಪರಿಚಯ, ಒಂದು ನಿಮಿಷ ಕಾದ. ನಾನು ಹತ್ತಲಿಲ್ಲ. ತವರಿಗೆ ಹೋದರೆ ಅವ್ವ ಕಡ್ಡಿ ಹೇಗಿವೆ ಎಂದು ಕೇಳುತ್ತಾಳೆ.