ಮುನಿಲಕ್ಷ್ಮಿಯ ಕೈಗೇ

ಪುಟ್ಟೇನಹಳ್ಳಿಯ ಸುಬ್ಬಮ್ಮನಿಗೆ ಇಂಗ್ಲಿಷಿನಲ್ಲಿ ಇಷ್ಟವಾದ ಮಾತು ಒಂದೇ ಒಂದು: ‘ರೆಫ್ಯೂಸ್ಡ್’. ಪ್ರತಿ ಗೌರಿ ಹಬ್ಬಕ್ಕೂ ಅವಳು ನಾಗಪುರದ ತಂಗಿ ಮುನಿಲಕ್ಷ್ಮಿಗೆ ರವಿಕೆ ಕಣ, ಅರಿಶಿನ, ಕುಂಕುಮ ಕವರಿನಲ್ಲಿಟ್ಟು ರಿಜಿಸ್ಟರ್ ಮಾಡುತ್ತಿದ್ದಳು. ಬಳೆ ದಾರಿಯಲ್ಲಿ ಒಡೆದಾವೆಂದು ಇಡುತ್ತಿರಲಿಲ್ಲ. ಗಣಪತಿಯನ್ನೂ ನೀರಿಗೆ ಬಿಟ್ಟು ಊರು ತಣ್ಣಗಾದ ಮೇಲೆ ಕೆಂಪು ಶಾಯಿಯಲ್ಲಿ ಆ ಮಾತು ಬರೆಸಿಕೊಂಡು ಕವರು ವಾಪಸು ಬರುತ್ತಿತ್ತು. “ತಗೊಳ್ಳಲ್ಲ ಅಂದ್ರಂತೆ ಕಣಜ್ಜಿ” ಎಂದು ಪೋಸ್ಟ್‌ಮ್ಯಾನ್ ಗೋಪಿ ಮುಖ ಸಣ್ಣದು ಮಾಡಿಕೊಂಡರೆ ಸುಬ್ಬಮ್ಮ ಅವನನ್ನು ಕೂರಿಸಿ ಕಾಫಿ ಕೊಡುತ್ತಿದ್ದಳು. ಬೇಡವೆನ್ನಲು ತಂಗಿ ಬಾಗಿಲಿಗೆ ಬಂದಿದ್ದಾಳೆ ಅಂದರೆ ಗಟ್ಟಿಮುಟ್ಟಾಗಿಯೇ ಇದ್ದಾಳೆ. ಅಷ್ಟು ಸಾಕಿತ್ತು.

ಆ ಸಿಟ್ಟು ಅಪ್ಪ ಸತ್ತ ದಿನದ್ದು. ಮುಖ ನೋಡಬೇಕು, ನಾನು ಬರುವ ತನಕ ಕಾಯಿರಿ ಎಂದು ಫೋನು ಮಾಡಿ ಮುನಿಲಕ್ಷ್ಮಿ ರೈಲು ಹತ್ತಿದ್ದಳು. “ಎಷ್ಟೊತ್ತು ಅಂತ ಮಡಿಕ್ಕೊಳೋದು, ಎತ್ರಿ” ಎಂದವಳು ಸುಬ್ಬಮ್ಮನೇ. ತಂಗಿ ಯಲಹಂಕದಲ್ಲಿ ಇಳಿದು ಓಡೋಡಿ ಬಂದಾಗ ಅಂಗಳ ತೊಳೆದಾಗಿತ್ತು. ಆ ಒದ್ದೆ ನೆಲ ನೋಡಿ ಅವಳು ಅಳಲಿಲ್ಲ. “ಈ ಮನೆ ಅರಿಸಿನ-ಕುಂಕುಮ ಇನ್ನು ನಂಗೆ ಬ್ಯಾಡ” ಎಂದು ನಿಂತ ಕಾಲಲ್ಲೇ ಹೊರಟುಹೋದಳು.

ಆ ‘ಬ್ಯಾಡ’ ಸುಬ್ಬಮ್ಮನ ಕಿವಿಯಲ್ಲೇ ಉಳಿಯಿತು. ಅಂಗಳವಿದ್ದ ಕಡೆ ಈಗ ನಾಲ್ಕು ಅಂತಸ್ತು ಎದ್ದು, ಕೆಳಗೆ ಬಾಡಿಗೆಯವರ ಕಾರು ನಿಲ್ಲುತ್ತದೆ. ಅವರು ಕಾರು ತೊಳೆದು ನೆಲ ಒದ್ದೆಯಾದಾಗಲೆಲ್ಲ ಅದೇ ದನಿ, ಬೆನ್ನ ಹಿಂದೆಯೇ. ಮೊದಮೊದಲು ಬೆಚ್ಚಿಬೀಳುತ್ತಿದ್ದಳು. ಆಮೇಲೆ ಅದೂ ಮನೆಯ ಸದ್ದುಗಳಲ್ಲಿ ಒಂದಾಯಿತು.

ಹೋದ ವರ್ಷ ಕವರು ಬರಲಿಲ್ಲ. ಮುಟ್ಟಿತು ಎಂದು ಸಹಿ ಹಾಕಿ ಕಳಿಸುವ ಕಾರ್ಡು ಬಂತು. ಸುಬ್ಬಮ್ಮ ಅದನ್ನು ದೇವರ ಮುಂದಿಟ್ಟು ಕೈಮುಗಿದು, ಹೋಳಿಗೆಗೆಂದು ಬೇಳೆ ಬೇಯಲಿಟ್ಟಳು. ಆಮೇಲೆ ಮೊಮ್ಮಗಳು ಮಂಜುಶ್ರೀಯನ್ನು ಕರೆದು ಓದಿಸಿದಳು.

“ಸೌಜನ್ಯ ಅಂತ ಸೈನ್ ಮಾಡಿದಾರೆ ಅಜ್ಜಿ, ಚಿಕ್ಕಜ್ಜಿ ಮಗಳು. ಕೆಳಗೆ… ಎಕ್ಸ್‌ಪೈರ್ಡ್ ಅಂತ…” ಮಂಜುಶ್ರೀ ಕಾರ್ಡನ್ನು ಮತ್ತೊಮ್ಮೆ ಕಣ್ಣ ಹತ್ತಿರ ಹಿಡಿದಳು.

ಅದು ಸುಬ್ಬಮ್ಮನಿಗೆ ಗೊತ್ತಿದ್ದ ಮಾತು. ಬಿ.ಪಿ. ಮಾತ್ರೆಯ ಹಾಳೆ ತಿರುಗಿಸಿ ನೋಡಿ ಮೊಮ್ಮಗಳೇ ಎಷ್ಟೋ ಸಲ ಹೇಳಿದ್ದಳು. “ಅಯ್ಯೋ, ಕುಂಕುಮಕ್ಕೂ ಡೇಟ್ ಆಗೋಯ್ತದಾ? ಒಸದೇ ತಂದು ಕಟ್ಟಿದ್ನಲ್ಲೇ!”

ಮಂಜುಶ್ರೀ ಅಜ್ಜಿಯ ಕೈ ಹಿಡಿದುಕೊಂಡಳು. “ಕುಂಕುಮ ಅಲ್ಲ ಅಜ್ಜಿ. ಚಿಕ್ಕಜ್ಜಿ.”

ಒಲೆಯ ಮೇಲೆ ಬೇಳೆ ಸೀದುಹೋಯಿತು. ಯಾವಾಗ ಸತ್ತಳು, ಏನಾಗಿತ್ತು, ಕಾರ್ಡಿನಲ್ಲಿ ಇರಲಿಲ್ಲ. ಸುಬ್ಬಮ್ಮನಿಗಾಗಿ ಯಾರೂ ಕಾದಿರಲಿಲ್ಲ. ಮುಖ ನೋಡದೆ ಉಳಿದವಳು ಈಗ ಅವಳು.

ಅಂದಿನಿಂದ ಆ ‘ಬ್ಯಾಡ’ ಎಂಬ ದನಿಯೂ ನಿಂತಿತು. ಕಾರು ತೊಳೆದ ನೀರು ಬರೀ ನೀರಾಗಿ ಮೋರಿಗೆ ಹರಿಯುತ್ತಿತ್ತು. ಸುಬ್ಬಮ್ಮ ಮೆಟ್ಟಿಲ ಮೇಲೆ ಕೂತು ಕಿವಿಗೊಟ್ಟು ಕೇಳುವಳು. ದೆವ್ವವಾಗಿ ಬಂದು ಕಾಡಿದ್ದರೂ ಚೆನ್ನಾಗಿತ್ತು. ಕಾಡುವುದಕ್ಕೂ ಬರದಷ್ಟು ಸಿಟ್ಟೇ ಇವಳಿಗೆ ಎಂದುಕೊಳ್ಳುವಳು.

ಈ ವರ್ಷ ಗೌರಿ ಹಬ್ಬ ಹತ್ತಿರ ಬಂದಾಗ ಅವಳು ಮತ್ತೆ ಕವರು ಕಟ್ಟಿದಳು.

“ಸೌಜನ್ಯ ಹೆಸ್ರಿಗಾ ಅಜ್ಜಿ?”

“ಮುನಿಲಕ್ಷ್ಮಿ ಎಸ್ರಿಗೆ. ಬ್ಯಾರೆಯೋರು ಮುಟ್ಟಬಾರ್ದು, ಅವ್ಳ ಕೈಗೇ ಕೊಡ್ಬೇಕು. ಅದನ್ನ ಇಂಗ್ಲೀಸಲ್ಲಿ ಎಂಗೆ ಕೇಳೋದು?”

ಅಂಚೆ ಕಚೇರಿಯ ಕೌಂಟರಿಗೆ ಹೊಸದಾಗಿ ಬಂದ ಹುಡುಗಿಗೆ ಕನ್ನಡ ಬಾರದು. ಮಂಜುಶ್ರೀ ವಾದ ಮಾಡಲಿಲ್ಲ. ಮೊಬೈಲಿನಲ್ಲಿ ನೋಡಿ, ರಿಜಿಸ್ಟರ್ ಈಗ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ ಎಂದು ತಿಳಿಸಿ, ಅಜ್ಜಿಗೆ ಪಾಠ ಹೇಳಿಕೊಟ್ಟಳು: “ಸ್ಪೀಡ್ ಪೋಸ್ಟ್, ವಿತ್ ರಿಜಿಸ್ಟ್ರೇಷನ್. ಅಡ್ರೆಸಿ ಓನ್ಲಿ.” ಯಾರ ಹೆಸರಿದೆಯೋ ಅವರಿಗೆ ಮಾತ್ರ. ಸುಬ್ಬಮ್ಮನ ಬಾಯಲ್ಲಿ ಅದು ‘ವನ್ಲಿ’ ಆಯಿತು. ಸೊಪ್ಪು ಬಿಡಿಸುತ್ತಾ ಅದನ್ನೇ ಜಪ ಮಾಡಿದಳು.

ಯಲಹಂಕದ ಕೌಂಟರಿನಲ್ಲಿ ಅವಳು ಎಲ್ಲೂ ತಡವರಿಸಲಿಲ್ಲ. ಹುಡುಗಿ ಕವರು ತೂಗಿ, ಕೈ ತಿರುವಿ ತೋರಿಸುತ್ತಾ ಕೇಳಿದಳು: “ಅಮ್ಮಾ, ಅಡ್ರೆಸಿ ನಾಟ್ ದೇರ್, ದೆನ್?”

ಅವರಿಲ್ಲದಿದ್ದರೆ? ಆ ಪ್ರಶ್ನೆಗೆ ಉತ್ತರ ಯಾರೂ ಹೇಳಿಕೊಟ್ಟಿರಲಿಲ್ಲ. ಸುಬ್ಬಮ್ಮ ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದಳು: “ರೆಫ್ಯೂಸ್ಡ್. ಪ್ಲೀಸ್.”

ಹುಡುಗಿ ನಕ್ಕಳು. “ನೋ ನೋ, ರಿಟರ್ನ್.”

ಸುಬ್ಬಮ್ಮ ಗಾಜಿನ ಕಿಂಡಿಗೆ ಬಾಯಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಪಿಸುಗುಟ್ಟಿದಳು: “ಅವ್ಳ ಬಾಯಿಂದ ಒಂದೇ ಒಂದ್ಸಲ ‘ಬ್ಯಾಡ’ ಅನ್ನಿಸ್ಬಿಡವ್ವಾ.”

ಒಂದಕ್ಷರವೂ ಅರ್ಥವಾಗದ ಹುಡುಗಿ “ಓಕೆ ಅಮ್ಮಾ, ಓಕೆ” ಎಂದು ಕವರನ್ನು ಹಿಂದಿದ್ದ ಚೀಲಕ್ಕೆ ಹಾಕಿದಳು.