ಅವರೆ ಸೊಗಡಿನ ಕೈ

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಸತ್ತವರು ಕಂಡರು, ಕನಸಿನಲ್ಲಿ ಬಂದು ಔಷಧಿ ಹೇಳಿದರು ಎಂಬ ಸಾಕ್ಷಿಗಳನ್ನು ನಮ್ಮ ಚರ್ಚಿನ ಸಭೆಯಲ್ಲಿ ಕೇಳಿ ಕೇಳಿ ಸಾಕಾಗಿತ್ತು. ದೇವರಲ್ಲಿ ನಂಬಿಕೆ ಇತ್ತು. ದೇವರ ಹೆಸರಿನಲ್ಲಿ ಬಿಡುವ ರೀಲುಗಳಲ್ಲಿ ಇರಲಿಲ್ಲ. ಹಾಗಾಗಿ ಈಗ ನೀವು ನನ್ನನ್ನು ನೋಡಿ ನಕ್ಕರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆ. ಯಲಹಂಕದ ಹಳೇ ಊರಿನಲ್ಲಿ ನಾನು ಮತ್ತು ನನ್ನ ಸೋದರತ್ತೆ ದಯಾಮಣಿ ಇಬ್ಬರೇ ಇದ್ದೆವು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ದಿನವೂ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಇಡುತ್ತಿದ್ದಳು. ಶನಿವಾರ ಅದರ ಗಂಜಿ ಕಾಯಿಸಿಕೊಂಡು ಕಾಯಿಲೆಯವರ ಮನೆಗಳಿಗೆ ಹೋಗುತ್ತಿದ್ದಳು. ಹಿಂದಿನ ಬೀದಿಯಲ್ಲಿ ಮುನಿಯಮ್ಮನದು ಒಕ್ಕಲು ಮನೆ. ಅಲ್ಲಿದ್ದ ಮುದುಕಿ, ಮುನಿಯಮ್ಮನ ಗಂಡನ ತಾಯಿ, ಕ್ರೈಸ್ತರನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ; ಗಂಜಿಯನ್ನೂ ಮುಟ್ಟುತ್ತಿರಲಿಲ್ಲ. ಕಾಯಿಲೆ ಬಿದ್ದ ಮಕ್ಕಳನ್ನು ಜಗಲಿಗೇ ಎತ್ತಿ ತರುತ್ತಿದ್ದರು. ಅತ್ತೆ ಅಲ್ಲೇ ಕೂತು ಪ್ರಾರ್ಥಿಸಿ, ನಗುನಗುತ್ತಲೇ ಎದ್ದು ಬರುತ್ತಿದ್ದಳು.

ನನಗೆ ಮೈ ಉರಿಯುತ್ತಿತ್ತು. “ಅವಮಾನ ಆಗೊಲ್ವಾ ನಿಂಗೆ?” ಎಂದರೆ ಅವಳದು ಒಂದೇ ಉತ್ತರ: “ದೇವರ ಮಹಿಮೆ ಅಂದ್ರೆ ಕಣ್ಣು ಕೋರೈಸೋ ಬೆಳಕು ಅಂದ್ಕೊಂಡಿದ್ದೀಯಾ? ಅವನ ಗುಣಾನೇ ಅವನ ಮಹಿಮೆ ಕಣೋ. ಅದು ನಮ್ಮ ಮುಖದಲ್ಲಿ ಒಂದಿಷ್ಟಾದ್ರೂ ಕಾಣ್ಬೇಕು.”

ಆ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ಮಂಚ ಬಿಟ್ಟು ಏಳುವಂತಿರಲಿಲ್ಲ. ನೋವಿಗಿಂತ ಹೆಚ್ಚಾಗಿ, ಇನ್ನು ತನ್ನಿಂದ ದೇವರಿಗೆ ಏನೂ ಉಪಯೋಗವಿಲ್ಲ ಎಂಬ ಕೊರಗು ಅವಳನ್ನು ತಿನ್ನುತ್ತಿತ್ತು.

ಅವರೆಕಾಯಿಯ ಕಾಲ. ಒಂದು ಶನಿವಾರ ಮಧ್ಯಾಹ್ನ ಅವಳು ಮಲಗಿದಲ್ಲೇ, ನಾನು ಮಂಚದ ಪಕ್ಕ ಕೂತು, ಇಬ್ಬರೂ ಅವರೆ ಹಿಸುಕುತ್ತಿದ್ದೆವು. ಮುನಿಯಮ್ಮನ ಪುಟ್ಟ ಮಗಳಿಗೆ ಡಾಕ್ಟರ ಮಾತ್ರೆಗೂ ಬಗ್ಗದ ಜ್ವರ ಎಂದು ಹಾಲಿನವನು ಹೇಳಿಹೋಗಿದ್ದ. “ನಾನು ಹೋಗ್ಬೇಕಿತ್ತು” ಎಂದು ಅತ್ತೆ ಅತ್ತಳು. ಅಳುತ್ತಲೇ ಪ್ರಾರ್ಥಿಸಿ, ಸಂಜೆಯ ಹೊತ್ತಿಗೆ ನಿದ್ದೆಹೋದಳು. ಕತ್ತಲಾಗುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ತೂಕಡಿಸಲೂ ಇಲ್ಲ, ಅಷ್ಟೊಂದು ಅವರೆ ಉಳಿದಿತ್ತು.

ಮರುದಿನ ಬೆಳಿಗ್ಗೆ ಮುನಿಯಮ್ಮ ಒಂದು ಮೊರ ರಾಗಿ ಹೊತ್ತು ಬಂದಳು.

“ನೆನ್ನೆ ಸಂಜೆ ನಿಮ್ಮತ್ತೆವ್ರು ಬಂದಿದ್ರಲ್ಲಪ್ಪ, ಮುರಿದ ಸೊಂಟ ಇಟ್ಕೊಂಡು ಅದೆಂಗೆ ನಡೆದ್ರು? ನಮ್ಮತ್ತೇನೇ ಎದ್ದು ‘ಒಳೀಕ್ ಬಾರವ್ವ’ ಅಂತು. ಮಗೀನ ಅಣೆ ಮ್ಯಾಲೆ ಕೈ ಇಟ್ರು, ಬೆವ್ತು ಜರ ಇಳೀತು. ಕೈಯೆಲ್ಲ ಅವರೆ ಸೊಗಡು. ಅವ್ರ ಕೈ ಯಾವಾಗ್ಲೂ ತಣ್ಗಿರ್ತಿತ್ತು, ನೆನ್ನೆ ಬೆಚ್ಗಿತ್ತು ಕಣಪ್ಪ.”

ಒಳಗೆ ಮಲಗಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು. ಕಣ್ಣೊರೆಸಿಕೊಂಡು ನಕ್ಕಳು. “ದೇವರ ಮುಖ ನನ್ನಲ್ಲಿ ಕಾಣ್ಲಿ ಅಂತ ಜೀವಮಾನ ಎಲ್ಲ ಬೇಡ್ಕೊಂಡೆ. ನೆನ್ನೆ ನೋಡು, ಅವನೇ ನನ್ನ ಮುಖ ಹೊತ್ಕೊಂಡು ಹೋಗಿದ್ದಾನೆ.”

ಮತ್ತೆ ಅವಳು ಕೊರಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡಳು. ಮಣ್ಣಿಗೆ ಬಂದಿದ್ದ ಆ ಮುದುಕಿ ಎಲ್ಲರಿಗಿಂತ ಜೋರಾಗಿ ಅತ್ತಿತು.

ಬೇರೆ ಯಾರೋ ಹೋಗಿದ್ದಿರಬಹುದು, ದೀಪ ಹಚ್ಚುವ ಮುಂಚಿನ ಮಬ್ಬಿನಲ್ಲಿ ಗುರುತು ತಪ್ಪಿರಬಹುದು. ಅವರೆ ಕಾಲದಲ್ಲಿ ಯಲಹಂಕದಲ್ಲಿ ಯಾರ ಕೈಗೆ ಸೊಗಡಿಲ್ಲ? ಹೀಗೆಲ್ಲ ತರ್ಕ ಮಾಡಿ ನೋಡಿದ್ದೇನೆ. ಆದರೆ ಮುನಿಯಮ್ಮ ಆಗಲಿ ಮುದುಕಿಯಾಗಲಿ ಕೊನೆಯವರೆಗೂ ಮಾತು ಬದಲಿಸಲಿಲ್ಲ. ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದರ ಚಿಂತೆಯೂ ಇಲ್ಲ.

ಇರುವ ಚಿಂತೆ ಬೇರೆ. ಬೆಳಿಗ್ಗೆ ಗಡ್ಡ ಕೆರೆಯುವಾಗ ಕನ್ನಡಿಯಲ್ಲಿ ಈ ಮುಖ ನೋಡುತ್ತೇನೆ. ನಾಳೆ ಆ ದೇವರಿಗೆ ಯಾರದೋ ಮನೆಗೆ ಈ ಮುಖ ಹೊತ್ತು ಹೋಗಬೇಕೆನಿಸಿದರೆ, ಆ ಮನೆಯವರು ಬಾಗಿಲು ತೆಗೆದಾರೆಯೇ?