ಹೀಟ್ ಗನ್ನಿನ ಮೂತಿ, ಮಾವನ ಎಡಗೈ

ನಮ್ಮ ಮುನಿವೆಂಕಟಪ್ಪ ಮಾವನ ಕೈಗೆ ಬಿಸಿ ತಗಲುವುದಿಲ್ಲ ಎಂದು ಬಂಗಾರಪೇಟೆಯ ಅರ್ಧ ಊರು ಹೇಳುತ್ತದೆ. ಚಿನ್ನದ ಗಣಿಯ ತಳದಲ್ಲಿ ಕಾದ ಬಂಡೆಯ ಜೊತೆ ಹದಿನೈದು ವರ್ಷ ಗುದ್ದಾಡಿದ ಕೈ, ಅದಕ್ಕೆ ಈ ಬಿಸಿಯೆಲ್ಲ ಯಾವ ಮೂಲೆಗೆ ಎಂದು ಇನ್ನರ್ಧ ಊರು ತಲೆದೂಗುತ್ತದೆ. ನನಗೆ ಈ ಕಥೆಯ ಮೇಲೆ ಮೊದಲಿನಿಂದಲೂ ಅನುಮಾನ. ನಂದಿದುರ್ಗ ಗಣಿಯಲ್ಲಿ ಇಳಿದು ಹತ್ತಿದವರು ಮಾವ ಒಬ್ಬನೇ ಅಲ್ಲವಲ್ಲ. ಹಾಗಿದ್ದರೆ ಅಲ್ಲಿನ ಕಾರ್ಮಿಕರ ಲೈನ್ ಮನೆಗಳಲ್ಲೆಲ್ಲ ಬಿಸಿ ಪಾತ್ರೆ ಇಳಿಸಲು ಮಸಿಬಟ್ಟೆ ಯಾಕೆ ಇಟ್ಟುಕೊಂಡಿದ್ದರು? ಎಂಟನೇ ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳಿ, ಅಮ್ಮನಿಂದ ಅದೇ ಮಸಿಬಟ್ಟೆಯಲ್ಲಿ ಏಟು ತಿಂದವಳು ನಾನು. ಚರ್ಚಾಸ್ಪರ್ಧೆಗಳಲ್ಲಿ ಬಂದ ಬಹುಮಾನಗಳೆಲ್ಲ ಅದರ ನಂತರದವು.

ಮಾವ ಎಂದರೆ ಅಮ್ಮನ ಅಣ್ಣ. ಅವನನ್ನು ಬಹುವಚನದಲ್ಲಿ ಕರೆದರೆ "ಯಾಕಮ್ಮ, ಮೈ ಉಸಾರಿಲ್ವಾ?" ಎಂದು ಕೇಳುತ್ತಾನೆ, ಆದ್ದರಿಂದ ಇಲ್ಲೂ ಏಕವಚನವೇ. ಗಣಿ ಮುಚ್ಚಿದ ಮೇಲೆ ಅವನು ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟ. ಬೇತಮಂಗಲದ ಕಡೆಯಿಂದ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಅಲ್ಲಿಗೆ ಬರುತ್ತಿದ್ದವು, ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಹೋಗುತ್ತಿದ್ದವು. ಶನಿವಾರ ಬೆಳಗಿನ ಶಾಲೆ ಮುಗಿಸಿ ಉರಿಗಾಂನಲ್ಲಿ ರೈಲು ಹತ್ತಿದೆನೆಂದರೆ ಊಟದ ಹೊತ್ತಿಗೆ ನಾನು ಆ ಅಂಗಡಿಯ ಮರದ ಪೆಟ್ಟಿಗೆಯ ಮೇಲೆ. ವಾರ್ನಿಷ್ ವಾಸನೆಗೆ ಇವತ್ತಿಗೂ ನನ್ನ ಬಾಯಲ್ಲಿ ನೀರೂರುತ್ತದೆ; ಆ ವಾಸನೆಯ ಹಿಂದೆಯೇ ಮಾವನ ಹೆಂಡತಿ ರತ್ನತ್ತೆಯ ಅವರೆಕಾಳು ಸಾರು ಬರುತ್ತಿತ್ತು.

ಅಂಗಡಿಯ ರಾಜ, ಸುಡುಗಾಳಿ ಊದುವ ಹೀಟ್ ಗನ್. ನೋಡುವುದಕ್ಕೆ ಥೇಟು ತಲೆಗೂದಲು ಒಣಗಿಸುವ ಯಂತ್ರ. ಎಣ್ಣೆಸ್ನಾನ ಮಾಡಿ ಬಂದ ರತ್ನತ್ತೆ ಒಮ್ಮೆ ಅದನ್ನು ಆಸೆಯಿಂದ ನೋಡಿದಾಗ ಮಾವ ಹೇಳಿದ್ದ: "ಇಡ್ಕೊ, ಇಡ್ಕೊ. ಮುಡಿ ಕೊಡಕ್ಕೆ ಇನ್ನು ತಿರುಪತಿಗೆ ಓಗೋ ಕೆಲ್ಸಾನೇ ಇರಲ್ಲ."

ಅದರ ಜೊತೆ ಬಂದ ಪುಸ್ತಕವನ್ನು ಅವನಿಗೆ ಓದಿ ಅರ್ಥ ಹೇಳಿದವಳು ನಾನೇ, ಆರನೇ ಕ್ಲಾಸಿನ ಇಂಗ್ಲಿಷಿನಲ್ಲಿ. ಮಾವ ಒಂದೊಂದು ನಿಯಮವನ್ನೂ ವ್ರತದ ಹಾಗೆ ಹಿಡಿದ. ಗನ್ ಹಚ್ಚುವ ಮೊದಲು ವಾರ್ನಿಷ್, ತಿನ್ನರ್ ಡಬ್ಬಗಳು ಹೊರಗೆ ಬೀದಿಗೆ. ಷಟರ್ ಪೂರ್ತಿ ಮೇಲಕ್ಕೆ. ಹಿಂದಿನ ಗಾಳಿ ಕಿಂಡಿಗೆ ಕೈ ಅಡ್ಡ ಇಡಬಾರದು, ಮೂತಿಯನ್ನು ಯಾರ ಕಡೆಗೂ ತಿರುಗಿಸಬಾರದು, ಒಂದೇ ಜಾಗಕ್ಕೆ ಗಾಳಿ ಹಿಡಿದು ನಿಲ್ಲಬಾರದು. ಕೆಲಸ ಮುಗಿದ ಕೂಡಲೇ ಆರಿಸಬಾರದು. ಸ್ವಲ್ಪ ಹೊತ್ತು ತಣ್ಣನೆ ಗಾಳಿ ಊದಲು ಬಿಟ್ಟು, ಆಮೇಲೆ ಮೂತಿ ಆಕಾಶಕ್ಕೆ ಮಾಡಿ ನಿಲ್ಲಿಸಬೇಕು.

ಒಂದು ನಿಯಮಕ್ಕೆ ಮಾತ್ರ ಅವನು ಬಗ್ಗಲಿಲ್ಲ: ಪೂರ್ತಿ ಆರುವವರೆಗೆ ಮೂತಿ ಮುಟ್ಟಬೇಡಿ. ಆರಿದೆಯೋ ಇಲ್ಲವೋ ಮುಟ್ಟದೆ ತಿಳಿಯುವುದು ಹೇಗೆ ಎಂಬುದು ಅವನ ವಾದ. ಕೆಳಗೆ, ಅಂದರೆ ಗಣಿಯಲ್ಲಿ, ಡ್ರಿಲ್ ಹಿಡಿಯುವ ಮೊದಲು ಅವನ ಗುಂಪಿನವರು ಬಂಡೆಗೆ ಎಡಗೈಯ ಬೆನ್ನು ತಾಗಿಸಿ ನೋಡುತ್ತಿದ್ದರಂತೆ. ಬಂಡೆಯ ಜ್ವರ ನೋಡುವುದು ಎನ್ನುತ್ತಿದ್ದರಂತೆ ಅದಕ್ಕೆ.

"ಅಂಗೈ ಸುಟ್ರೆ ಕೆಲ್ಸ ಓಯ್ತು. ಇಂಗೈ ಸುಟ್ರೆ ಏನೋಯ್ತು? ನಿಂಗೆ ಜ್ವರ ಬಂದ್ರೆ ನಿಮ್ಮಮ್ಮ ಇಂಗೇ ತಾನೆ ನೋಡೋದು?"

ಹೀಗೆ ಗನ್ನಿಗೂ ದಿನಾ ಜ್ವರ ನೋಡಲಾಗುತ್ತಿತ್ತು.

ಕನ್ನಡದಲ್ಲಿ ಬಿಸಿಗೆ ಎಷ್ಟೊಂದು ಮೆಟ್ಟಿಲುಗಳಿವೆ ನೋಡಿ. ಉಗುರುಬೆಚ್ಚಗೆ, ಬೆಚ್ಚಗೆ, ಕಾವು, ಬಿಸಿ, ಝಳ, ಧಗೆ, ಸುಡುಬಿಸಿ. ಗನ್ನಿನ ಪುಸ್ತಕದಲ್ಲಿದ್ದದ್ದು ಡಿಗ್ರಿ ಲೆಕ್ಕ ಮಾತ್ರ. ಯಂತ್ರಕ್ಕೆ ಅಂಕಿ, ಮನುಷ್ಯನಿಗೆ ಚರ್ಮ ಎಂದು ನಾನೊಂದು ಸ್ಪರ್ಧೆಯಲ್ಲಿ ಭಾರಿ ಗತ್ತಿನಲ್ಲಿ ಹೇಳಿ ಗೆದ್ದೂ ಇದ್ದೇನೆ. ಆ ಮಾತಿಗೊಂದು ತೂತಿದೆ ಎಂದು ಎದುರಾಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಈ ಮೆಟ್ಟಿಲೆಲ್ಲ ಇರುವುದು ಚರ್ಮದಿಂದ ಇನ್ನೂ ಸುದ್ದಿ ಬರುತ್ತಿರುವವರಿಗೆ.

ಮೂರು ವರ್ಷದ ಹಿಂದಿನ ಮಾತು. ಕಾಲೇಜುಗಳ ನಡುವಿನ ಚರ್ಚೆಯಲ್ಲಿ ಗೆದ್ದು ಪಿತ್ತ ನೆತ್ತಿಗೇರಿಸಿಕೊಂಡು ರಜೆಗೆ ಬಂದಿದ್ದೆ. ಬೇತಮಂಗಲದ ನಾರಾಯಣಪ್ಪ ಎಂಬ ರೈತರು ಟೆಂಪೋ ತಂದಿದ್ದರು, ರಿಪೇರಿಯಾದ ಮೋಟಾರು ಒಯ್ಯಲು, ಸುಟ್ಟ ಇನ್ನೊಂದನ್ನು ಇಳಿಸಲು. ಮಾವ ಕೊನೆಯ ಜಾಯಿಂಟಿನ ಮೇಲೆ ಪ್ಲಾಸ್ಟಿಕ್ ಕೊಳವೆ ತೂರಿಸಿ ಗನ್ನಿನ ಗಾಳಿ ಹಿಡಿದ. ಕೊಳವೆ ಮುದುಡಿ ತಂತಿಯನ್ನು ಕಚ್ಚಿಕೊಂಡಿತು. ಅಷ್ಟರಲ್ಲಿ ಕರೆಂಟು ಹೋಯಿತು. ತಣ್ಣನೆ ಗಾಳಿ ಊದುವ ಭಾಗ್ಯ ಗನ್ನಿಗೆ ಸಿಗಲಿಲ್ಲ. ಮಾವ ಅದನ್ನು ನಿಲ್ಲಿಸಿ, ಅಭ್ಯಾಸದಂತೆ ಎಡಗೈಯ ಬೆನ್ನನ್ನು ಮೂತಿಗೆ ತಾಗಿಸಿ, ನಾರಾಯಣಪ್ಪನವರ ಕಡೆ ತಿರುಗಿ ಬೋರಿನ ನೀರು ಎಷ್ಟಕ್ಕಿಳಿದಿದೆ ಎಂದು ವಿಚಾರಿಸತೊಡಗಿದ. ಕೈ ಅಲ್ಲೇ ಇತ್ತು. ಕುರಿ ತಲೆ ಸುಡುವ ವಾಸನೆ ಮೊದಲು ಬಂದದ್ದು ನನ್ನ ಮೂಗಿಗೆ.

"ಮಾವಾ, ಕೈ!"

ನೋಡಿಕೊಂಡ. ನಿಧಾನಕ್ಕೆ ತೆಗೆದ. "ಏನಾಗಲ್ಲ ಬಿಡಮ್ಮ. ಗಣಿ ಕೈ."

"ಅಬ್ಬಾ, ಏನ್ ಕೈ ಮೇಸ್ತ್ರಿ ನಿಮ್ದು!" ಎಂದರು ನಾರಾಯಣಪ್ಪ. "ನಮ್ಗಾಗಿದ್ರೆ ಕೋಲಾರದ್ಗಂಟ ಕೇಳೋ ಅಂಗೆ ಕಿರುಚ್ತಿದ್ವಿ."

ಅಲ್ಲಿಗೆ ಸುಮ್ಮನಿದ್ದು ಕೈಗೆ ನೀರು ಹಾಕಬೇಕಿತ್ತು. ನಾನು ವಾದ ಹಾಕಿದೆ. "ಬಿಸಿ ತಡೆಯೋ ಕೈ ಆದ್ರೆ ಗುಳ್ಳೆ ಯಾಕೆ ಏಳ್ತಿದೆ? ಸುಡದೇ ಇರೋದು ಬೇರೆ, ಸುಟ್ಟಿದ್ದು ಗೊತ್ತಾಗದೇ ಇರೋದು ಬೇರೆ."

"ಲಾಯರಮ್ಮ ಶುರು ಅಚ್ಕಂಡ್ಲು ನೋಡಿ," ಎಂದು ಮಾವ ನಕ್ಕ.

"ಕಣ್ಣು ಮುಚ್ಚು. ಬೆರಳ ಮಧ್ಯೆ ನಾನು ಇಟ್ಟಿದ್ದು ತಂತಿಯೋ ದಾರವೋ ಹೇಳು."

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಮುಚ್ಚಿದ. ನಾನು ತಂತಿ ಇಟ್ಟೆ, ದಾರ ಎಂದ. ದಾರ ಇಟ್ಟೆ, ತಂತಿ ಎಂದ. ಮೂರನೇ ಸಲ ಏನನ್ನೂ ಇಡಲಿಲ್ಲ. ಯೋಚನೆ ಮಾಡಿ, ಬೆರಳು ಉಜ್ಜಿ, "ದಾರ" ಎಂದ.

ಅಷ್ಟು ಸಂಪೂರ್ಣವಾಗಿ ನಾನು ಗೆದ್ದ ವಾದ ಇನ್ನೊಂದಿಲ್ಲ. ನಾರಾಯಣಪ್ಪ ಆ ಬೆರಳುಗಳನ್ನು ನೋಡಿದರು, ಅವೇ ಬೆರಳು ತಂತಿ ಸುತ್ತಿದ್ದ ತಮ್ಮ ಮೋಟಾರನ್ನು ನೋಡಿದರು. "ಇನ್ನೊಂದ್ ಕಿತಾ ಬತ್ತೀನಿ ಮೇಸ್ತ್ರಿ" ಎಂದರು. ಟೆಂಪೋದಲ್ಲಿದ್ದ ಎರಡನೇ ಮೋಟಾರು ಇಳಿಯಲೇ ಇಲ್ಲ.

ಕೈಯನ್ನು ನಲ್ಲಿಯ ಕೆಳಗೆ ಹಿಡಿಸುತ್ತ ರತ್ನತ್ತೆ ನನಗೆ ಹೇಳಿದಳು: "ಒಂದ್ ವರ್ಷದಿಂದ ತಂತೀನ ತುಟಿಗೆ ಇಟ್ಟು ನೋಡ್ತಾವ್ರೆ, ದಪ್ಪನೋ ಸಣ್ಣನೋ ಅಂತ. ಬೆರಳಿಗೆ ಗೊತ್ತಾಗಲ್ವಂತೆ. ಗಿರಾಕಿಗಳಿಗೆ ಗೊತ್ತಾದ್ರೆ ಅಂಗ್ಡಿ ಮುಚ್ಚಬೇಕಾಯ್ತದೆ, ಬಾಯಿ ಬಿಡಬೇಡ ಅಂದಿದ್ರು."

ನಾನು ಸುಳ್ಳೆಂದು ಬಯಲಿಗೆಳೆದ ಆ ಕಥೆಯನ್ನು ಅವನು ಅಂಗಡಿಯ ಷಟರಿನ ಹಾಗೆ ಬಳಸುತ್ತಿದ್ದ. ನಾನು ಅದನ್ನು ಗಿರಾಕಿಯ ಎದುರಿಗೇ ಮೇಲೆತ್ತಿದ್ದೆ.

ಡಾಕ್ಟರು ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು, ಎಷ್ಟೋ ವರ್ಷದಿಂದ ಇರಬೇಕು, ನರ ತಿಂದಿದೆ, ಪಾದದಲ್ಲೂ ಇದೆ. ಮೊದಲು ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದರು. ಡ್ರಿಲ್ ಎಂದ. ಆ ಅದುರಾಟವೂ ಸೇರಿಕೊಂಡಿರಬಹುದು ಎಂದರು. ಅಂದರೆ ಬಂಗಾರಪೇಟೆಯ ಕಥೆಗೆ ಅರ್ಧ ಅಂಕ ಕೊಡಲೇಬೇಕು. ಗಣಿ ಆ ಕೈಗೆ ಏನೋ ಮಾಡಿತ್ತು. ವರ ಎಂದು ಊರು ಓದಿಕೊಂಡಿತ್ತು.

ಅಂಗಡಿ ಮುಚ್ಚಲಿಲ್ಲ. ಈಗ ತಂತಿ ಸುತ್ತುವುದು ರತ್ನತ್ತೆ. ಮಾವ ಪಕ್ಕದಲ್ಲಿ ಕೂತು, ಮೋಟಾರು ತಿರುಗುವ ಸದ್ದು ಕೇಳಿಯೇ ತಪ್ಪು ಹಿಡಿಯುತ್ತಾನೆ. ಗಿರಾಕಿಗಳು ಕಡಿಮೆಯಾದರು, ಇಲ್ಲವಾಗಲಿಲ್ಲ. ನಾರಾಯಣಪ್ಪ ಮಾತ್ರ ಇನ್ನೂ ಬಂದಿಲ್ಲ. ಗನ್ ಮುಟ್ಟುವಾಗ ಚರ್ಮದ ಗ್ಲೌಸು. ಮೂತಿ ಆರಿದೆ ಎಂದು ಹೇಳುವ ಅಧಿಕಾರ ಗೋಡೆ ಗಡಿಯಾರದ್ದು.

ಹೋದ ಶನಿವಾರ ಮತ್ತೆ ಅಲ್ಲಿಗೆ ಹೋಗಿ ಕೂತಿದ್ದೆ. ಗಡಿಯಾರದ ಮೇಲೆ ಕಣ್ಣಿಟ್ಟು ಮೂತಿ ಆರಲು ಕಾಯುತ್ತಿದ್ದ ಮಾವನಿಗೆ, ಮೂರು ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಹೊತ್ತಾಯಿತೆಂದು ಅವನು ಗನ್ ಎತ್ತಿಟ್ಟು, ಗ್ಲೌಸು ಕಳಚಿ ಮೊಳೆಗೆ ಸಿಕ್ಕಿಸಿದ. ಅಲ್ಲಿ ಉತ್ತರ ಸಿಗಲಿಲ್ಲವೆಂದು ಇಲ್ಲಿ ಬರೆದು ಕೇಳುತ್ತಿದ್ದೇನೆ. ರತ್ನತ್ತೆ ಓದಿ ಹೇಳಲಿ.

ಮಾವ, ಸೋಲ್ತೀನಿ ಅಂತ ನಿಂಗೆ ಗೊತ್ತಿತ್ತು, ನಾರಾಯಣಪ್ಪ ಎದುರಿಗೇ ನಿಂತಿದ್ರು, ಕೈ ಹಿಂದಕ್ಕೆ ಎಳ್ಕೊಂಡು "ಓಗೇ" ಅಂದಿದ್ರೆ ಮುಗೀತಿತ್ತು. ಅವತ್ತು ನಾನು ಕಣ್ಣು ಮುಚ್ಚು ಅಂದಾಗ, ಯಾಕೆ ಮುಚ್ಚಿದೆ?